ಎರಡು ಉಸಿರು, ಒಂದು ಒತ್ತು

ಕಾರ್ಮಿಕ ಕಚೇರಿಯಲ್ಲಿ ಅಧಿಕಾರಿಯ ಕುರ್ಚಿಯ ಹಿಂದೆ ಗೋಡೆಯ ತುಂಬ ಒಂದು ಚಿತ್ರ ಅಂಟಿಸಿದ್ದರು. ಬಣ್ಣಬಣ್ಣದ ಕಂಬಗಳು, ಕೆಲವು ಎತ್ತರ, ಕೆಲವು ಗಿಡ್ಡ. ಒಂದೊಂದು ಕಂಬದ ಕೆಳಗೂ ಒಂದೊಂದು ಕಸುಬಿನ ಹೆಸರು. ಯಾವ ಕಸುಬಿನಲ್ಲಿ ನೂರಕ್ಕೆ ಎಷ್ಟು ಮಂದಿ ಗಾಯ ಮಾಡಿಕೊಳ್ಳುತ್ತಾರೆ, ಕಾಯಿಲೆ ಬೀಳುತ್ತಾರೆ ಅನ್ನುವುದರ ಚಿತ್ರವಂತೆ. ನಾನು ಕೂತು ಕಾಯುವಾಗ ನಮ್ಮ ಕಂಬ ಹುಡುಕಿದೆ. ಆಸ್ಪತ್ರೆ ಲಾಂಡ್ರಿಯದು ಕೆಂಪು ಕಂಬ. ಕಟ್ಟಡ ಕಟ್ಟುವವರಿಗಿಂತ ಎತ್ತರ. ಅದರ ಪಕ್ಕದಲ್ಲಿ ಕೋಳಿ ಕತ್ತರಿಸುವ ಕಾರ್ಖಾನೆಯ ಕಂಬ ನಮಗಿಂತ ಒಂದು ಬೆರಳು ಕಡಿಮೆ. ಕೊನೆಯಲ್ಲಿ, ಮೂಲೆಯಲ್ಲಿ, ಕುಳಿತ ಕೋಳಿಮರಿಯ ಹಾಗೆ ಒಂದು ಹಸಿರು ಕಂಬ. ಅದು ಮುಚ್ಚಳದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸು ವಿಭಾಗ. ನನ್ನ ಗಂಡ ಅಲ್ಲಿಯೇ ಇಷ್ಟು ವರ್ಷ ದುಡಿದದ್ದು. ಅಲ್ಲಿಯೇ ಅವರ ಬಲಗಾಲು ಹೋದದ್ದು.

"ನಿಮ್ಮ ಬೆರಳಿಗೇನಾಯ್ತಮ್ಮಾ?" ಎಂದರು ಅಧಿಕಾರಿ, ನನ್ನ ಹೆಬ್ಬೆರಳಿನ ಪಟ್ಟಿ ನೋಡಿ.

"ಸೂಜಿ ಚುಚ್ಚಿತು ಸಾರ್. ಹಾಸಿಗೆ ಬಟ್ಟೆಯೊಳಗೆ ಬಿಟ್ಟಿರ್ತಾರೆ."

"ಬರೆಸಿದ್ರಾ?"

"ಬರೆಸದೆ ಬಿಡ್ತಾರಾ? ನಮ್ಮ ಮೇಲ್ವಿಚಾರಕಿ ಸೊಳ್ಳೆ ಕಚ್ಚಿದ್ರೂ ಬರೆಸ್ತಾರೆ."

ಅವರು ತೃಪ್ತಿಯಿಂದ ತಲೆ ಆಡಿಸಿದರು. ಹಿಂದಿನ ಕೆಂಪು ಕಂಬದಲ್ಲಿ ನನ್ನ ಹೆಬ್ಬೆರಳೂ ಸೇರಿತ್ತು. ನನ್ನ ಗಂಡನ ಕಾಲು ಹಸಿರು ಕಂಬಕ್ಕೆ ಸೇರಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದಕ್ಕೆ ನಾವು ಕೂತಿದ್ದೆವು.

ನಡೆದದ್ದು ಇಷ್ಟು. ಪ್ರೆಸ್ಸುಗಳ ಸಾಲಿನ ನಡುವೆ ಒಂದು ಓಣಿ ಇದೆ. ತಗಡಿನ ಹಾಳೆ ತರುವ ಫೋರ್ಕ್‌ಲಿಫ್ಟ್ ಗಾಡಿ ಅದರಲ್ಲಿ ಹಿಮ್ಮುಖವಾಗಿ ಬರುತ್ತದೆ, ಬರುವಾಗ ಹಾರ್ನ್ ಹೊಡೆಯುತ್ತದೆ. ನನ್ನ ಗಂಡ ಬಗ್ಗಿ ಕೆಳಗೆ ಬಿದ್ದ ಹಾಳೆ ಎತ್ತುತ್ತಿದ್ದರು. ಗಾಡಿಗೆ ಬೆನ್ನು ಮಾಡಿದ್ದರು. ಸರಿಯಲಿಲ್ಲ. ಗಾಡಿಯವನು, ಅವರು ಎಂದಿನಂತೆ ಸರಿದೇ ಸರಿಯುತ್ತಾರೆ ಎಂದುಕೊಂಡ. ಮೊಣಕಾಲಿನ ಕೆಳಗೆ ಎಲ್ಲ ನುಚ್ಚು. ಆಸ್ಪತ್ರೆಯಲ್ಲಿ ಅಷ್ಟನ್ನೂ ತೆಗೆದರು. ಆ ವಾರ್ಡಿನ ಹಾಸಿಗೆ ಬಟ್ಟೆ ನಮ್ಮ ಲಾಂಡ್ರಿಗೇ ಬರುವುದು. ಚೀಲ ಬಿಚ್ಚಿದವರು ನನ್ನ ಜೊತೆಯವರು. ನನ್ನ ಕಣ್ಣಿಗೆ ಬೀಳದ ಹಾಗೆ ಅದನ್ನು ಬೇರೆ ಯಂತ್ರಕ್ಕೆ ಹಾಕಿದರಂತೆ. ಅವರಲ್ಲೊಬ್ಬಳು ನನಗೆ ಆಮೇಲೆ ಹೇಳಿದಳು.

ಕಾರ್ಖಾನೆಯವರು ವಿಚಾರಣೆ ಮಾಡಿದರು. ಹಾರ್ನ್ ಹೊಡೆದದ್ದು ನಿಜ. ಕೇಳಿಸಿಯೂ ಸರಿಯಲಿಲ್ಲ, ಆದ್ದರಿಂದ ತಪ್ಪು ನನ್ನ ಗಂಡನದೇ ಎಂದು ತೀರ್ಪಾಯಿತು. ಅಕ್ಕಪಕ್ಕದ ಪ್ರೆಸ್ಸಿನ ಮೂವರು ಹಾರ್ನ್ ಕೇಳಿಸಿತು ಎಂದು ಸಾಕ್ಷಿ ಹೇಳಿದರು. ಆ ಮೂವರನ್ನೂ ನಾನು ಬಲ್ಲೆ. ನಮ್ಮ ಮನೆ ಬಾಗಿಲು ಮುರಿಯುವ ಹಾಗೆ ಬಡಿದು, ನಾನು "ಬಂದೆ" ಅಂದದ್ದು ಕೇಳಿಸದೆ ಮತ್ತೆ ಬಡಿಯುವ ಜನ. ಅವರಿಗೆ ಹಾರ್ನ್ ಕೇಳಿಸಿತಂತೆ.

ಪ್ರೆಸ್ಸು ವಿಭಾಗದಲ್ಲಿ ಯಾರಿಗೂ ಬೆರಳು ಹೋಗುವುದಿಲ್ಲ. ಇದು ಆ ಕಾರ್ಖಾನೆಯ ಹೆಮ್ಮೆ. ಮಣಿಕಟ್ಟಿಗೆ ಚರ್ಮದ ಪಟ್ಟಿ ಕಟ್ಟಿ ಹಗ್ಗ ಹಾಕಿರುತ್ತಾರೆ, ಪ್ರೆಸ್ಸು ಇಳಿಯುವಾಗ ಹಗ್ಗ ಕೈಗಳನ್ನು ತಾನೇ ಹಿಂದಕ್ಕೆ ಎಳೆಯುತ್ತದೆ, ತೊಗಲುಬೊಂಬೆಯ ಹಾಗೆ. ಬೆರಳು ಉಳಿಯುತ್ತವೆ, ಕಿವಿ ಹೋಗುತ್ತದೆ. ಹೊತ್ತು ಹುಟ್ಟಿ ಮುಳುಗುವವರೆಗೆ ಪಕ್ಕದಲ್ಲಿ ಕಬ್ಬಿಣ ಕಬ್ಬಿಣದ ಮೇಲೆ ಬೀಳುತ್ತಿದ್ದರೆ ಯಾರ ಕಿವಿ ಉಳಿದೀತು. ಕೆಲಸಕ್ಕೆ ಸೇರಿದ ಕೆಲವು ವರ್ಷಕ್ಕೆ ಅವರೆಲ್ಲ ತುಟಿ ನೋಡಿ ಮಾತು ತಿಳಿಯುವುದು ಕಲಿಯುತ್ತಾರೆ. ಕೈಸನ್ನೆಯೂ ಉಂಟು. ಗಂಟಲ ಮೇಲೆ ಬೆರಳಿಟ್ಟರೆ ಸೂಪರ್‌ವೈಸರ್ ಬರುತ್ತಿದ್ದಾನೆ ಎಂದು. ಎರಡು ಬೆರಳನ್ನು ನೆಲದ ಕಡೆ ಒದರಿದರೆ, ಮುಚ್ಚಳ ಕೆಟ್ಟಿದೆ, ಗುಜರಿಗೆ ಹಾಕು ಎಂದು. ನನ್ನ ಗಂಡನನ್ನು ಊಟಕ್ಕೆ ಕರೆಯಬೇಕಾದರೆ ನಾನು ದೀಪದ ಸ್ವಿಚ್ಚು ಎರಡು ಸಲ ಆರಿಸಿ ಹೊತ್ತಿಸುತ್ತೇನೆ.

ಆದರೂ ಆ ಕಂಬ ಗಿಡ್ಡ. ಯಾಕೆಂದರೆ ಕಿವಿ ಹೋದವರು ಅಲ್ಲಿ ಯಾರೂ ಇಲ್ಲ. ಇಲ್ಲದ ಹಾಗೆ ನೋಡಿಕೊಂಡವನು ಅಲ್ಲೇ ಕೆಲಸ ಮಾಡುವ ನನ್ನ ಅಣ್ಣ.

ವರ್ಷಕ್ಕೊಮ್ಮೆ ಕಾರ್ಖಾನೆಯ ಅಂಗಳಕ್ಕೆ ಕಿವಿ ಪರೀಕ್ಷೆಯ ವ್ಯಾನು ಬರುತ್ತದೆ. ಒಳಗೆ ಗಾಜಿನ ಕಿಟಕಿಯ ಒಂದು ಪೆಟ್ಟಿಗೆಯಂಥ ಕೋಣೆ. ಕಿವಿಗೆ ಹೆಡ್‌ಫೋನ್, ಕೈಗೊಂದು ಗುಂಡಿ. ಸದ್ದು ಕೇಳಿಸಿದರೆ ಒತ್ತಬೇಕು. ಕೇಳಿಸದವರನ್ನು ಪ್ಯಾಕಿಂಗ್‌ಗೆ ಹಾಕುತ್ತಾರೆ. ಪ್ಯಾಕಿಂಗ್ ಎಂದರೆ ಹೆಂಗಸರ ಜೊತೆ ರಟ್ಟಿನ ಪೆಟ್ಟಿಗೆ ಮಡಚುವುದು, ಸಂಬಳ ಕಡಿಮೆ, ಮರ್ಯಾದೆ ಅದಕ್ಕಿಂತ ಕಡಿಮೆ. ಹಾಗೆ ಹೋದ ಮೊದಲಿಬ್ಬರನ್ನು ನೋಡಿ ಅಣ್ಣ ಒಂದು ಉಪಾಯ ಕಂಡುಹಿಡಿದ. ಪರೀಕ್ಷೆ ಮಾಡುವ ಹುಡುಗಿ ಕೀಲಿ ಒತ್ತುವಾಗ ಅವಳ ಮೊಣಕೈ ಒಂದು ಎಳ್ಳಿನಷ್ಟು ಏಳುತ್ತಿತ್ತು. ಅದನ್ನು ನೋಡಿ ಇವನು ಒತ್ತಿದ. ಆಮೇಲೆ ಮೊಣಕೈ ಕಾಣದ ಹಾಗೆ ಪರದೆ ಬಂತು, ಯಂತ್ರವೂ ಹೊಸದು ಬಂತು. ಹೊಸ ಯಂತ್ರ ಎಲ್ಲರಿಗೂ ಒಂದೇ ಲಯದಲ್ಲಿ, ಒಂದೇ ಲೆಕ್ಕದಷ್ಟು ಸದ್ದು ಕೊಡುತ್ತದೆ ಎಂದು ಅಣ್ಣ ಆಗ ಸ್ವಲ್ಪ ಉಳಿದಿದ್ದ ಕಿವಿಯಲ್ಲೇ ಪತ್ತೆ ಮಾಡಿದ. ಎರಡು ಉಸಿರು, ಒಂದು ಒತ್ತು. ಮತ್ತೆ ಎರಡು ಉಸಿರು, ಒಂದು ಒತ್ತು. ಅಷ್ಟೇ ಅವನ ವಿದ್ಯೆ. ಹೊಸದಾಗಿ ಬಂದವರಿಗೆಲ್ಲ ಅದನ್ನು ಕಲಿಸಿದ. ಪ್ರೆಸ್ಸು ವಿಭಾಗದಲ್ಲಿ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ.

ನನ್ನ ಮದುವೆಯಾದ ಹೊಸದರಲ್ಲಿ ನನ್ನ ಗಂಡನಿಗೂ ಕಲಿಸಿದ. ಅಣ್ಣನ ಮನೆಯಲ್ಲೇ. ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಗುಂಡಿಯ ಬದಲು ಬಟ್ಟೆ ಒಣಗಿಸುವ ಕ್ಲಿಪ್ಪು ಕೊಟ್ಟು, ಅತ್ತಿಗೆಯನ್ನು ಎದುರು ಕೂರಿಸಿದ. ಅತ್ತಿಗೆ ಚಮಚದಿಂದ ಮೇಜು ಕುಟ್ಟಬೇಕು, ಇವರು ಕಣ್ಣು ಮುಚ್ಚಿ ಉಸಿರು ಎಣಿಸಬೇಕು.

"ಭಾವ, ಅಷ್ಟು ಜೋರಾಗಿ ಉಸಿರಾಡಬೇಡಿ, ಪರೀಕ್ಷೆಗೆ ಬಂದಿದೀರೋ ಹೆರಿಗೆಗೆ ಬಂದಿದೀರೋ ಅಂತ ಕೇಳ್ತಾಳೆ ಆ ಹುಡುಗಿ," ಎಂದ ಅಣ್ಣ.

"ಇದನ್ನ ಕಲಿಯೋದಕ್ಕಿಂತ ನಿಮ್ಮ ತಂಗೀನ ಒಪ್ಪಿಸಿದ್ದು ಸುಲಭ ಇತ್ತು ಭಾವ," ಎಂದರು ನನ್ನ ಗಂಡ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು.

"ಕೊನೇ ಎರಡು ಮಾತ್ರ ಒತ್ತಬೇಡಿ. ಎಲ್ಲಾ ಒತ್ತಿದ್ರೆ ಇದು ಮನುಷ್ಯನ ಕಿವಿ ಅಲ್ಲ ಅಂತ ಅನುಮಾನ ಬರುತ್ತೆ."

ನಾವು ನಾಲ್ವರೂ ಬಿದ್ದು ಬಿದ್ದು ನಕ್ಕಿದ್ದೆವು. ಅದು ನನ್ನ ತವರಿನ ಉಡುಗೊರೆ ಇದ್ದ ಹಾಗೆ ಇತ್ತು.

ಪ್ರೆಸ್ಸು ವಿಭಾಗ ಎಲ್ಲಕ್ಕಿಂತ ಸುರಕ್ಷಿತ ಎಂದು ಒಂದು ವರ್ಷ ಕಾರ್ಖಾನೆಗೆ ಬಹುಮಾನ ಬಂತು. ಆ ಖುಷಿಗೆ ಧಣಿಗಳು ವಿಭಾಗದ ಎಲ್ಲರಿಗೂ ಒಂದೊಂದು ರೇಡಿಯೋ ಕೊಟ್ಟರು. ನಮ್ಮ ಕಟ್ಟಡದ ಕೆಳಮನೆಯಲ್ಲಿ ಕೋಳಿ ಕತ್ತರಿಸುವ ಕೆಲಸದ ಹೆಂಗಸೊಬ್ಬಳಿದ್ದಾಳೆ, ಎಲ್ಲರೂ ಕೋಳಿಯಕ್ಕ ಎನ್ನುತ್ತಾರೆ. ಎರಡು ಮಣಿಕಟ್ಟಿಗೂ ಬಟ್ಟೆ ಸುತ್ತಿಕೊಂಡು ಸಂಜೆ ಮೆಟ್ಟಿಲ ಮೇಲೆ ಕೂರುತ್ತಾಳೆ. ಅವಳ ಕೈಯಲ್ಲಿ ಲೋಟ ನಿಲ್ಲುವುದಿಲ್ಲ, ಬಾಯಿ ಮಾತ್ರ ನಿಲ್ಲಿಸಿದರೂ ನಿಲ್ಲುವುದಿಲ್ಲ. ರೇಡಿಯೋ ಹೊತ್ತು ಬಂದ ನನ್ನ ಗಂಡನನ್ನು ನೋಡಿ, "ಕಿವುಡರಿಗೆ ರೇಡಿಯೋ. ನಮಗೆ ಬಹುಮಾನ ಬಂದ್ರೆ ಬಳೆ ಕೊಡ್ತಾರೇನೋ," ಎಂದಳು. ಅವರು ಅವಳ ತುಟಿ ನೋಡಲಿಲ್ಲ. "ಹೂಂ, ಹೂಂ," ಎಂದು ಒಳಗೆ ಬಂದರು. ಪ್ರೆಸ್ಸಿನವರು ಕೇಳಿಸದ ಮಾತಿಗೆಲ್ಲ ಹೂಂ ಎನ್ನುತ್ತಾರೆ.

ಅಧಿಕಾರಿಗೆ ನಾನು ಹೇಳಬೇಕಾಗಿದ್ದುದು ಒಂದೇ ಮಾತು. ನನ್ನ ಗಂಡನಿಗೆ ಹಾರ್ನ್ ಕೇಳಿಸಲಿಲ್ಲ. ಕಿವಿ ಕೆಲಸದಲ್ಲೇ ಹೋದದ್ದು, ಕಾಲು ಕಿವಿಯಿಂದಾಗಿ ಹೋದದ್ದು. ಅವರು ಒಳ್ಳೆಯವರೇ. ಗಂಡನನ್ನು ಕಚೇರಿಯ ಕೆಳಗಿನ ಕೋಣೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದ್ದರು. ವ್ಯಾನಿನಲ್ಲಿರುವಂಥದೇ ಯಂತ್ರ, ಅದೇ ಹುಡುಗಿ. ನನ್ನ ಗಂಡ ಗುಂಡಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು. "ಬಲಗೈಗೆ ಕೊಟ್ರೆ ಅದು ತಾನೇ ಒತ್ತಿಬಿಡುತ್ತೆ ಕಣೇ, ಅಷ್ಟು ರೂಢಿಯಾಗಿದೆ," ಎಂದು ನನಗೆ ಮೊದಲೇ ಹೇಳಿದ್ದರು. ಪರೀಕ್ಷೆಯಲ್ಲಿ ಕಿವಿ ಹೋಗಿದೆ ಎಂದೇ ಬಂತು.

"ಅದೇ ತೊಂದರೆ ಆಗಿರೋದು," ಎಂದರು ಅಧಿಕಾರಿ. "ಪೆಟ್ಟು ಬೀಳೋಕೆ ಮುಂಚೆ ವ್ಯಾನಲ್ಲಿ ನೋಡಿದಾಗ ಕಿವಿ ಚೆನ್ನಾಗಿತ್ತು. ಈಗ ಪರಿಹಾರ ಕೇಳೋ ಹೊತ್ತಿಗೆ ಕೇಳಿಸಲ್ಲ ಅಂದ್ರೆ ಮೇಲಿನವರು ಏನಂತಾರೆ?"

ನಾನು ಎರಡು ಉಸಿರಿನ ಕಥೆ ಹೇಳಿದೆ. ಯಾರು ಕಲಿಸಿದರು ಎಂದು ಹೇಳಲಿಲ್ಲ. ಅವರು ವ್ಯಾನಿನ ವರದಿಯನ್ನು ಮತ್ತೆ ನನ್ನ ಮುಂದೆ ಸರಿಸಿದರು.

"ಕೇಳಿಸೋನು ಕೇಳಿಸದ ಹಾಗೆ ನಟಿಸಬಹುದಮ್ಮ. ಕೇಳಿಸದೋನು ಕೇಳಿಸಿದ ಹಾಗೆ ನಟಿಸೋದನ್ನ ನಾನು ಕಂಡಿಲ್ಲ. ಆದ್ರೂ ಒಂದು ದಾರಿ ಇದೆ. ಅಲ್ಲೇ ಅಷ್ಟೇ ವರ್ಷ ಕೆಲಸ ಮಾಡಿದ ಇನ್ನೊಬ್ಬನನ್ನ ಕರ್ಕೊಂಡು ಬನ್ನಿ. ಪೆಟ್ಟು ಬೀಳದೋನು, ಪರಿಹಾರ ಬೇಡದೋನು. ಅವನ ಕಿವೀನೂ ಹೋಗಿದ್ರೆ, ವ್ಯಾನಿನ ಪರೀಕ್ಷೆ ಸುಳ್ಳು ಅಂತ ನಾನೇ ಬರೀತೀನಿ."

ಇನ್ನೊಬ್ಬ. ನಾನು ಮೂರು ಮನೆ ಬಾಗಿಲು ತಟ್ಟಿದೆ. ಒಬ್ಬ ಕಿಟಕಿಯಲ್ಲಿ ನನ್ನನ್ನು ಕಂಡು, ಮನೆಯಲ್ಲಿಲ್ಲ ಎಂದು ಅವನೇ ಒಳಗಿಂದ ಕೂಗಿದ. ಇನ್ನೊಬ್ಬ, "ನನ್ನ ಕಿವಿಗೇನಾಗಿದೆ? ಸೂಜಿ ಬಿದ್ರೂ ಕೇಳಿಸುತ್ತೆ," ಎಂದ. ಅವನ ಹಿಂದೆ ಒಲೆಯ ಮೇಲೆ ಪಾತ್ರೆ ಉಕ್ಕಿ ಸುರಿಯುತ್ತಿತ್ತು. ಮೂರನೆಯವನ ಹೆಂಡತಿ ನನ್ನ ಎರಡೂ ಕೈ ಹಿಡಿದು ಅತ್ತಳು, ಅತ್ತು ಬಾಗಿಲು ಹಾಕಿಕೊಂಡಳು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಅಳುತ್ತಲೂ ಇರಲಿಲ್ಲವೇನೋ.

ಕೊನೆಗೆ ಅಣ್ಣನ ಮನೆಗೆ ಹೋದೆ. ಮೊದಲೇ ಅಲ್ಲಿಗೆ ಹೋಗಬೇಕಿತ್ತು. ಹೋಗದೆ ಇದ್ದದ್ದಕ್ಕೆ ಕಾರಣ, ಅವನೂ ಇಲ್ಲ ಎಂದರೆ ಎಂಬ ಹೆದರಿಕೆ.

ಅತ್ತಿಗೆ ಬಟ್ಟೆ ಮಡಚುತ್ತಿದ್ದರು. ಅಣ್ಣ ಕುರ್ಚಿಯಲ್ಲಿ ನನ್ನ ಬಾಯಿಯ ಕಡೆಗೇ ನೋಡುತ್ತ ಕೂತಿದ್ದ. ನಾನು ನಿಧಾನವಾಗಿ, ತುಟಿ ಬಿಡಿಸಿ, ಎಲ್ಲ ಹೇಳಿದೆ.

"ನಾನು ಪ್ಯಾಕಿಂಗ್‌ಗೆ ಹೋಗ್ತೀನಿ. ಹೋದ್ರೆ ಹೋದೆ," ಎಂದ ಅಣ್ಣ.

ಅತ್ತಿಗೆ ಮಡಚಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಚಿದರು. "ನೀವೊಬ್ರೇ ಅಲ್ವಲ್ಲ ಹೋಗೋದು. ನಿಮ್ಮೊಬ್ರ ಕಿವಿ ಹೋಗಿದೆ ಅಂತಾದ್ರೆ ಎಲ್ಲರನ್ನೂ ಕೂರಿಸಿ ನೋಡ್ತಾರೆ. ಇಡೀ ವಿಭಾಗ ನಮ್ಮ ಮನೆ ಮುಂದೆ ಬಂದು ನಿಲ್ಲುತ್ತೆ. ಯಾರಿಗೆ ಅಂತ ಉತ್ತರ ಹೇಳೋಣ?"

"ಅತ್ತಿಗೆ, ನಿಮ್ಮ ಮನೇಲೇ ಅಲ್ವಾ ಅವರು ಇದನ್ನ ಕಲಿತದ್ದು."

"ಒಳ್ಳೇದಕ್ಕೆ ಕಲಿಸಿದ್ದಲ್ವಾ? ಅಷ್ಟು ವರ್ಷ ಪ್ರೆಸ್ಸಿನ ಸಂಬಳ ಉಂಡಾಗ ಯಾರೂ ಬಂದು ಕೇಳಲಿಲ್ಲ."

ಈ ಮಾತು ನಿಜ. ನಿಜವಾದ್ದರಿಂದಲೇ ಚುಚ್ಚಿತು. ಅಣ್ಣ ನಮ್ಮಿಬ್ಬರ ತುಟಿಯನ್ನೂ ಒಟ್ಟಿಗೆ ನೋಡಲಾಗದೆ ಒಮ್ಮೆ ಇತ್ತ, ಒಮ್ಮೆ ಅತ್ತ ತಲೆ ತಿರುಗಿಸುತ್ತಿದ್ದ. ಆಮೇಲೆ ಎದ್ದು ಬಂದು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ನನ್ನ ತಲೆಯ ಮೇಲೆ ಕೈಯಿಟ್ಟ.

"ಬರ್ತೀನಿ ಕಣಮ್ಮ. ಭಾವನ ಕಾಲು ಅಲ್ಲಿ ಗುಜರಿಗೆ ಹೋದ ಹಾಗೆ ಹೋಗೋಕೆ ಬಿಡಲ್ಲ."

ನನ್ನ ಗಂಡ ಈ ಸುದ್ದಿ ತಿಳಿದು ಎಷ್ಟೋ ದಿನದ ಮೇಲೆ ನಕ್ಕರು. ಅಂದು ಸಂಜೆ ಅಣ್ಣ ಬಂದಾಗ ಅವನನ್ನು ಎದುರು ಕೂರಿಸಿಕೊಂಡು ಪಾಠ ಹೇಳಿದರು, ಕ್ಲಿಪ್ಪು ಹಿಡಿಸಿ. ಈ ಸಲ ಮೇಷ್ಟ್ರು ಶಿಷ್ಯನಾಗಿದ್ದ.

"ಎಡಗೈ ಭಾವ, ಎಡಗೈ. ಬಲಗೈನ ತೊಡೆ ಕೆಳಗೆ ಹಾಕಿ ಅದರ ಮೇಲೆ ಕೂತ್ಕೊಳ್ಳಿ. ಕೇಳಿಸಿದ್ರೆ ಒತ್ತಿ. ಇಲ್ಲಾಂದ್ರೆ ಸುಮ್ನಿರಿ."

"ಫೇಲ್ ಆಗೋಕೂ ಟ್ಯೂಷನ್ ಬೇಕಾಯ್ತಲ್ಲ ಭಾವ ನಂಗೆ."

"ನೀವು ಪಾಸ್ ಮಾಡಿಸಿದ್ರಿ, ನಾನು ಫೇಲ್ ಮಾಡಿಸ್ತಿದೀನಿ. ಲೆಕ್ಕ ಸರಿಹೋಯ್ತು."

ಕೋಳಿಯಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಕೆ ಮೆಲ್ಲಗೆ ನನಗೆ ಮಾತ್ರ ಕೇಳುವಂತೆ, "ನಿಮ್ಮಣ್ಣ ಒಳ್ಳೇವನು ಕಣೇ. ಒಳ್ಳೇವರನ್ನ ನಂಬೋದೇ ಕಷ್ಟ. ಅವರಿಗೆ ಎಲ್ಲರೂ ಬೇಕು," ಎಂದಳು. ಮೆಲ್ಲಗೆ ಹೇಳುವ ಅಗತ್ಯವೇ ಇರಲಿಲ್ಲ. ಆ ಕೋಣೆಯಲ್ಲಿ ಕೇಳುವ ಕಿವಿ ನಮ್ಮಿಬ್ಬರದೇ.

ಮರುದಿನ ಬೆಳಿಗ್ಗೆ ಅಣ್ಣ ಒಗೆದ ಅಂಗಿ ಹಾಕಿ, ತಲೆ ಬಾಚಿ ಬಂದ. ಕಚೇರಿಯ ಕೆಳಗಿನ ಕೋಣೆಯಲ್ಲಿ ಆ ಹುಡುಗಿ ಅವನನ್ನು ಗುರುತು ಹಿಡಿದು, "ಓ, ಮೇಷ್ಟ್ರು," ಎಂದು ನಕ್ಕಳು. ವ್ಯಾನಿನ ಬಾಗಿಲಲ್ಲಿ ಯಾರೋ ಹಾಗೆ ಕರೆದದ್ದನ್ನು ಕೇಳಿದ್ದಳಂತೆ. ಯಾತರ ಮೇಷ್ಟ್ರು ಎಂದು ಅವಳಿಗೆ ಗೊತ್ತಿರಲಿಲ್ಲ. ಅವನನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ತಾನು ಪರದೆಯ ಹಿಂದೆ ಹೋದಳು. ಅಧಿಕಾರಿ ನನ್ನನ್ನು ಕಿಟಕಿಯ ಹೊರಗಿನ ಬೆಂಚಿನ ಮೇಲೆ ಕೂರಲು ಬಿಟ್ಟರು. ಮಾತಾಡಬಾರದು, ಸನ್ನೆ ಮಾಡಬಾರದು ಎಂದರು. ನಾನು ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡೆ.

ಅಣ್ಣ ಗುಂಡಿಯನ್ನು ಎಡಗೈಯಲ್ಲಿ ಹಿಡಿದ. ಬಲಗೈಯನ್ನು ತೊಡೆಯ ಕೆಳಗೆ ಹಾಕಿದ. ಕಣ್ಣು ಮುಚ್ಚಿದ. ಪಾಠ ಹೇಳಿಕೊಟ್ಟ ಹಾಗೇ.

ಮೊದಲು ಜೋರಾದ ಸದ್ದುಗಳು ಬರುತ್ತವೆ ಎಂದು ಕಾಣುತ್ತದೆ, ಅವನು ಎರಡು ಮೂರು ಸಲ ಒತ್ತಿದ. ಆಮೇಲೆ ಸುಮ್ಮನಾದ. ಎಷ್ಟೋ ಹೊತ್ತು ಸುಮ್ಮನಿದ್ದ. ಅವನ ಹಣೆಯ ಮೇಲೆ ಬೆವರು ಮೂಡಿತು. ಆ ಮೌನದಲ್ಲಿ ಎಷ್ಟು ಸದ್ದು ಬಂದು ಹೋಗುತ್ತಿವೆಯೋ, ಒಂದೊಂದು ಹೋದಾಗಲೂ ನನ್ನ ಗಂಡನ ಮಾತು ನಿಜವಾಗುತ್ತಿದೆ ಎಂದು ನಾನು ಎಣಿಸುತ್ತಿದ್ದೆ.

ಅವನು ಕಣ್ಣು ಬಿಟ್ಟ. ನನ್ನನ್ನು ನೋಡಲಿಲ್ಲ. ಎದುರಿನ ಬಿಳಿ ಗೋಡೆ ನೋಡಿದ. ಅಲ್ಲಿ ಏನು ಕಂಡನೋ. ಅತ್ತಿಗೆ ಕಂಡರೋ, ಮನೆ ಮುಂದೆ ನಿಂತ ಇಡೀ ವಿಭಾಗ ಕಂಡಿತೋ. ತಾನು ರಟ್ಟಿನ ಪೆಟ್ಟಿಗೆ ಮಡಚುವುದು ಕಂಡಿತೋ. ತೊಡೆಯ ಕೆಳಗಿಂದ ಬಲಗೈ ಎಳೆದುಕೊಂಡ. ಗುಂಡಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದ. ಮತ್ತೆ ಕಣ್ಣು ಮುಚ್ಚಿದ.

ಅವನ ಎದೆ ಏರಿತು, ಇಳಿಯಿತು. ಏರಿತು, ಇಳಿಯಿತು. ಹೆಬ್ಬೆರಳು ಒತ್ತಿತು.

ನನಗೆ ಗಾಜು ಒಡೆಯಬೇಕು ಅನ್ನಿಸಿತು. ಒಡೆದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಎರಡು ಉಸಿರು, ಒಂದು ಒತ್ತು. ನನ್ನ ಮದುವೆಯ ಹೊಸದರಲ್ಲಿ ಅತ್ತಿಗೆ ಚಮಚದಿಂದ ಕುಟ್ಟಿದ ಅದೇ ಲಯ. ತಪ್ಪಲಿಲ್ಲ. ಕೊನೆಯ ಎರಡನ್ನು ಒತ್ತದೆ ಬಿಟ್ಟ.

ಹುಡುಗಿ ಪರದೆಯ ಹಿಂದಿನಿಂದ ಬಂದು, "ಸುರುವಲ್ಲಿ ಸ್ವಲ್ಪ ಗಾಬರಿ ಆಗಿದ್ರು ಅನ್ಸುತ್ತೆ, ಅದಕ್ಕೆ ಮೊದಲಿಂದ ಇನ್ನೊಂದು ಸಲ ಕೊಟ್ಟೆ ಸಾರ್. ಎಲ್ಲ ಸರಿಯಾಗಿದೆ," ಎಂದಳು. ಎರಡನೆಯ ಸಲ ಅವನು ಸುರುವಿನಿಂದಲೂ ಬಲಗೈಯಲ್ಲೇ ಹಿಡಿದಿದ್ದ.

ಮೇಲೆ ಹೋದೆವು. ಅಧಿಕಾರಿ ಕಪಾಟಿನ ಕಡೆ ತಿರುಗಿ ಕಾಗದ ಹುಡುಕುತ್ತ, "ಈ ವಯಸ್ಸಿಗೆ ಇಂಥ ಕಿವಿ ಇರೋದು ಅದೃಷ್ಟ ಕಣ್ರೀ," ಎಂದರು. ಅಣ್ಣ ಕಿಟಕಿ ನೋಡುತ್ತಿದ್ದ.

"ಸಾರ್, ಮುಖ ತೋರಿಸಿ ಹೇಳಿ. ಇಲ್ಲಾಂದ್ರೆ ಅವನಿಗೆ ತಿಳಿಯಲ್ಲ," ಎಂದೆ.

ಅವರು ತಿರುಗಿದರು. ನಾನು ಅಣ್ಣನ ಬೆನ್ನ ಹಿಂದೆ ನಿಂತು "ಅಣ್ಣಾ" ಎಂದು ಕರೆದೆ. ಇನ್ನೂ ಜೋರಾಗಿ ಕರೆದೆ. ಪಕ್ಕದ ಕೋಣೆಯಿಂದ ಗುಮಾಸ್ತನೊಬ್ಬ ಇಣುಕಿ ನೋಡಿದ. ಅಣ್ಣ ಕಿಟಕಿಯನ್ನೇ ನೋಡುತ್ತಿದ್ದ.

ಅಧಿಕಾರಿ ಬೇಸರದಿಂದ ನಕ್ಕರು. ನನ್ನ ಮೇಲೆ ಕನಿಕರವಿತ್ತು ಅವರಿಗೆ, ಅದು ಮುಖದಲ್ಲೇ ಕಾಣುತ್ತಿತ್ತು. "ತಿರುಗಿ ನೋಡದೆ ಇರೋದು ಯಾರಿಗಾದ್ರೂ ಬರುತ್ತಮ್ಮ. ಒತ್ತೋದು ಕೇಳಿಸಿದೋನಿಗೆ ಮಾತ್ರ ಬರುತ್ತೆ. ನಿಮ್ಮ ಅಣ್ಣ ನಿಮ್ಮ ಪರವಾಗಿ ಬಂದೋರು, ಆದ್ರೂ ಅವರ ಕೈ ನಿಜ ಹೇಳಿಬಿಡ್ತು. ನಾನೇನು ಮಾಡ್ಲಿ?"

ಅವರು ಬರೆಯಬೇಕಾದ್ದನ್ನು ಬರೆದರು. ಕೆಲಸದ ಅಪಘಾತವಲ್ಲ, ಕೆಲಸಗಾರನ ಸ್ವಂತ ಅಜಾಗರೂಕತೆ. ನಾನು ಎದ್ದು ಬರುವಾಗ ಗೋಡೆ ನೋಡಿದೆ. ಹಸಿರು ಕಂಬ ಮೂಲೆಯಲ್ಲಿ ಹಾಗೇ ಕೂತಿತ್ತು.

ಹೊರಗೆ ರಸ್ತೆಯಲ್ಲಿ ಅಣ್ಣ ನನ್ನ ಪಕ್ಕದಲ್ಲಿ ನಡೆದ. ತುಸು ದೂರ ಹೋದ ಮೇಲೆ, "ಎಡಗೈ ಜೋಮು ಹಿಡೀತು ಕಣಮ್ಮ. ಬಲಗೈಗೆ ತಗೊಂಡೆ. ಅದು ತಾನೇ ಒತ್ತಿಬಿಡ್ತು," ಎಂದ.

ನಾನು ನಡಿಗೆ ಬಿರುಸು ಮಾಡಿದೆ.

"ನಾನೊಬ್ನೇ ಆಗಿದ್ರೆ ಬೇರೆ ಮಾತು. ಅವರೆಲ್ಲ ನನ್ನನ್ನ ನಂಬ್ಕೊಂಡು ಇದಾರೆ. ಎಲ್ಲರಿಗೂ ನಾನೇ ಅಲ್ವಾ ಕಲಿಸಿದ್ದು. ನಿನ್ನ ಮನೆ ಖರ್ಚಿಗೆ ನಾನಿದೀನಿ. ಭಾವನಿಗೆ ಒಂದು ಒಳ್ಳೆ ಕೃತಕ ಕಾಲು ನಾನು ಮಾಡಿಸಿಕೊಡ್ತೀನಿ."

ಹಾಗೆ ಮಾಡಿಸಿಯೂ ಕೊಟ್ಟಾನು. ಅವನು ಅಂಥವನೇ. ಪೂರ್ತಿ ಕೆಟ್ಟವನಾಗಿದ್ದರೆ ಅಲ್ಲೇ ಬೈದು ಹಗುರಾಗುತ್ತಿದ್ದೆ.

ರಸ್ತೆ ದಾಟುವ ಜಾಗ ಬಂತು. ಅವನು ನನ್ನ ಮುಖ ನೋಡಿಕೊಂಡು, ಉತ್ತರ ಬರುತ್ತದೇನೋ ಎಂದು ತುಟಿಯನ್ನೇ ಕಾಯುತ್ತ, ರಸ್ತೆಗೆ ಕಾಲಿಟ್ಟ. ತಿರುವಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತ ಬಂತು. ಒಮ್ಮೆ ಹೊಡೆಯಿತು, ಮತ್ತೆ ಹೊಡೆಯಿತು. ಅಕ್ಕಪಕ್ಕದ ಜನ ಎಲ್ಲ ತಿರುಗಿದರು. ಒಂದು ಕ್ಷಣ ನಾನು ಸುಮ್ಮನೆ ನಿಂತಿದ್ದೆ. ಒಂದೇ ಕ್ಷಣ. ಆಮೇಲೆ ಅವನ ತೋಳು ಹಿಡಿದು ಎಳೆದೆ. ಅಂಗಿಯ ಹೊಲಿಗೆ ಕಿತ್ತುಬಂತು. ಲಾರಿ ಗಾಳಿ ಎಬ್ಬಿಸಿ ಹೋಯಿತು. ಕಿಟಕಿಯಿಂದ ಚಾಲಕ, "ಕಿವಿ ಕೇಳಿಸಲ್ವೇನಯ್ಯಾ?" ಎಂದು ಬೈದ.

ಅಣ್ಣನಿಗೆ ಅದೂ ಕೇಳಿಸಲಿಲ್ಲ. ಲಾರಿಯ ಹಿಂಬದಿ ನೋಡಿದ, ನನ್ನ ಕೈ ನೋಡಿದ, ಅವನ ಕಣ್ಣು ತುಂಬಿತು. ನಾನು ಕ್ಷಮಿಸಿದೆ ಎಂದುಕೊಂಡ. ಲಾರಿ ಬಂತೆಂದು ಎಳೆದೆ, ಅಷ್ಟೇ. ಯಾರನ್ನಾದರೂ ಎಳೆಯುತ್ತಿದ್ದೆ.

ನಾನು ಮುಖವನ್ನು ಅಂಗಡಿಗಳ ಕಡೆ ತಿರುಗಿಸಿಕೊಂಡು ನಡೆದೆ. ನಡೆಯುತ್ತಲೇ, ಸಂತೆಯ ಸಾಮಾನು ಎಣಿಸುವ ಹಾಗೆ ಶಾಂತವಾಗಿ, ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ನೀನು ನನ್ನ ಗಂಡನ ಕಾಲನ್ನು ಎರಡು ಸಲ ಕತ್ತರಿಸಿದೆ ಎಂದೆ. ಗಾಡಿಯವನು ಗೊತ್ತಿದ್ದು ಮಾಡಿದ್ದಲ್ಲ, ನೀನು ಗೊತ್ತಿದ್ದೂ ಮಾಡಿದೆ ಎಂದೆ. ನಿನ್ನ ಕೈಯಿಂದ ಒಂದು ಲೋಟ ನೀರೂ ನನ್ನ ಮನೆಗೆ ಬೇಡ, ನಮ್ಮ ಬಾಗಿಲಿಗೆ ಇನ್ನು ಬರಬೇಡ ಎಂದೆ. ಎದುರಿಗೆ ಬಂದ ಒಬ್ಬ ಹೆಂಗಸು ಗಾಬರಿಯಿಂದ ನಮ್ಮಿಬ್ಬರನ್ನು ನೋಡಿದಳು.

"ಹೂಂ," ಎಂದ ಅಣ್ಣ. "ಹೂಂ, ಹೂಂ."

ನಮ್ಮ ಕಟ್ಟಡದ ಮುಂದೆ ಅವನು ನಿಂತ. ಮೇಲೆ ಬರಲಿಲ್ಲ. ಕೋಳಿಯಕ್ಕ ಮೆಟ್ಟಿಲ ಮೇಲೆ ಕೂತಿದ್ದವಳು ಅವನ ಹರಿದ ತೋಳು ನೋಡಿ, ನನ್ನ ಮುಖ ನೋಡಿ, ಏನೂ ಕೇಳದೆ ಕಾಲು ಸರಿಸಿ ದಾರಿ ಬಿಟ್ಟಳು.

ನನ್ನ ಗಂಡ ಕಿಟಕಿಯ ಹತ್ತಿರ ಕೂತಿದ್ದರು. ಬಹುಮಾನದ ರೇಡಿಯೋ ಪಕ್ಕದಲ್ಲಿತ್ತು. ಮನೆಯಲ್ಲಿ ಒಬ್ಬರೇ ಇರುವಾಗ ಅದನ್ನು ಹಾಕಿಕೊಂಡು ಕೂರುತ್ತಾರೆ, ಅದರ ಕೆಂಪು ದೀಪ ಉರಿಯುತ್ತಿದ್ದರೆ ಯಾರೋ ಜೊತೆಗಿದ್ದ ಹಾಗೆ ಇರುತ್ತದಂತೆ. ಸ್ಟೇಷನ್ ಯಾವಾಗಲೋ ಜಾರಿತ್ತು. ಬರೀ ಗರಗರ ಸದ್ದು ಮನೆ ತುಂಬಿತ್ತು.

"ಭಾವ ಯಾಕೆ ಮೇಲೆ ಬರಲಿಲ್ಲ?"

ನಾನು ಚಪ್ಪಲಿ ಬಿಟ್ಟೆ.

"ಎಡಗೈಲಿ ಹಿಡಿದ್ರಾ?"

"ಹಿಡಿದ," ಎಂದೆ, ತುಟಿ ಬಿಡಿಸಿ.

"ಆಮೇಲೆ?"

ನಾನು ಎರಡು ಬೆರಳನ್ನು ನೆಲದ ಕಡೆ ಒದರಿದೆ.

ಅವರು ನನ್ನ ಬೆರಳನ್ನೇ ನೋಡಿದರು. ಆಮೇಲೆ ಕಿಟಕಿಯಿಂದ ಕೆಳಗೆ ನೋಡಿದರು. ಅಣ್ಣ ಇನ್ನೂ ಅಲ್ಲಿಯೇ ನಿಂತಿದ್ದ. ಅವನು ಮೇಲೆ ನೋಡಿ ಕೈ ಎತ್ತಿದ. ನನ್ನ ಗಂಡ ಕೈ ಎತ್ತಲಿಲ್ಲ. ಬಲಗೈಯನ್ನು ನಿಧಾನವಾಗಿ ತೊಡೆಯ ಕೆಳಗೆ ಹಾಕಿಕೊಂಡು, ಅದರ ಮೇಲೆ ಕೂತರು.

ನಾನು ಹೋಗಿ ರೇಡಿಯೋ ಆರಿಸಿದೆ. ಕೆಂಪು ದೀಪ ಹೋದದ್ದು ನೋಡಿ ಅವರು, "ಅದು ಇರ್ಲಿ ಬಿಡು," ಎಂದರು. ಮತ್ತೆ ಹಾಕಿದೆ. ಗರಗರ ಮತ್ತೆ ಸುರುವಾಯಿತು. ಸ್ಟೇಷನ್ ತಿರುಗಿಸಿ ಸರಿ ಮಾಡಲು ಕೈ ಹೋಯಿತು, ಯಾರಿಗಾಗಿ ಎಂದುಕೊಂಡು ಬಿಟ್ಟುಬಿಟ್ಟೆ. ಬೆಳಿಗ್ಗೆ ಬೇಗ ಲಾಂಡ್ರಿಗೆ ಹೋಗಬೇಕಿತ್ತು. ಹೆಬ್ಬೆರಳಿನ ಪಟ್ಟಿ ಬದಲಿಸಿಕೊಂಡೆ.